ಮೊಟ್ಟೆ ಹೊರಳಿಸಿದ ಕೈ

ಗಂಗಾವತಿಯ ಯಂಕವ್ವನಿಗೆ ಮೊಟ್ಟೆಯ ವಿಷಯದಲ್ಲಿ ಯಾರೂ ಬುದ್ಧಿ ಹೇಳುತ್ತಿರಲಿಲ್ಲ. ಹೇಳುವ ಧೈರ್ಯವೂ ಯಾರಿಗಿರಲಿಲ್ಲ ಎನ್ನಿ. ಹತ್ತೊಂಬತ್ತು ವರ್ಷ ಕೋಳಿಮರಿ ಮಾಡಿಸುವ ಹ್ಯಾಚರಿಯಲ್ಲಿ ದುಡಿದ ಹೆಂಗಸು. ಮೊಟ್ಟೆಯನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ತಾಗಿಸಿ ಶಾಖ ಇಷ್ಟಿದೆ ಎಂದು ಅವಳು ಹೇಳಿದರೆ, ಥರ್ಮಾಮೀಟರು ಆಮೇಲೆ ಹೌದೆನ್ನುತ್ತಿತ್ತು. ಗಂಡ ಗ್ಯಾನಪ್ಪ ರೈಸ್ ಮಿಲ್ಲಿನಲ್ಲಿ ಚೀಲ ಹೊತ್ತು ಹೊತ್ತು ಐವತ್ತಕ್ಕೇ ಕಣ್ಣು ಮುಚ್ಚಿದ. ಆಮೇಲೆ ಮಗಳು ರಂಜಿತಾಳನ್ನು ಓದಿಸಿ ಕುಷ್ಟಗಿಯಲ್ಲಿ ಟೀಚರ್ ಮಾಡಿದ್ದು ಇವಳ ಕೈ. ದಿನವಿಡೀ ಮೊಟ್ಟೆ ಹೊರಳಿಸುವ ಕೈ. ಹೊರಳಿಸದಿದ್ದರೆ ಒಳಗಿನ ಮರಿ ಚಿಪ್ಪಿಗೆ ಅಂಟಿಕೊಂಡು ಸಾಯುತ್ತದೆ. ಹ್ಯಾಚರಿಗೆ ಕಾಲಿಟ್ಟವರಿಗೆ ಇದು ಮೊದಲ ಪಾಠ.

ಆ ಹ್ಯಾಚರಿ ಮುಚ್ಚಿ ವರ್ಷವಾಗಿತ್ತು. ಏಪ್ರಿಲ್‌ನಲ್ಲಿ ಕಾಲುವೆಗೆ ನೀರು ಬಿಡುವುದು ನಿಂತು, ದಂಡೆ ರಿಪೇರಿಗೆ ಬಂದ ಜೆಸಿಬಿ ಮಣ್ಣು ಬಗೆದಾಗ ಮೊಸಳೆಯ ಗೂಡು ಒಡೆದು ಬಿತ್ತು. ಅರಣ್ಯ ಇಲಾಖೆಯ ಗಾರ್ಡ್ ಸಿದ್ದೇಶ ಇಪ್ಪತ್ತೆಂಟು ಮೊಟ್ಟೆಗಳನ್ನು ಮರಳು ತುಂಬಿದ ಬುಟ್ಟಿಯಲ್ಲಿ ಹಸುಗೂಸು ಹೊತ್ತ ಹಾಗೆ ಹೊತ್ತು ತಂದ. ಊರಾಚೆಯ ಸಸಿ ತೋಟದಲ್ಲಿ ತಗಡಿನ ಮಾಡಿನ ಒಂದು ಕೋಣೆ ಇತ್ತು. ಅಲ್ಲೊಂದು ಕೆಟ್ಟ ಫ್ರಿಜ್ಜನ್ನೇ ಕಾವಿನ ಪೆಟ್ಟಿಗೆ ಮಾಡಿ, ಎರಡು ಟ್ರೇಗಳಲ್ಲಿ ಹದಿನಾಲ್ಕು ಹದಿನಾಲ್ಕು ಮೊಟ್ಟೆಗಳನ್ನು ಮರಳಲ್ಲಿ ಕೂರಿಸಿದರು. ಬೆಚ್ಚಗಿಡಲು ಒಳಗೊಂದು ಬಲ್ಬನ್ನೂ ಹಾಕಿದ್ದರು. ನಮ್ಮ ಕಡೆಯ ಬಿಸಿಲಿನ ಮುಂದೆ ಬಲ್ಬು! ಈ ಬಿಸಿಲಿಗೆ ನಾಚಿಕೆ ಎಂಬುದೇ ಇಲ್ಲ. ಬೆಳಗಿನ ಎಂಟಕ್ಕೇ ಮನೆಯೊಳಗೆ ಬಂದು ಕೂತುಬಿಡುತ್ತದೆ. ಆ ಬಲ್ಬನ್ನು ಒಂದು ದಿನವೂ ಹಚ್ಚಲಿಲ್ಲ. ಪೆಟ್ಟಿಗೆಯನ್ನು ತಣ್ಣಗಿಡುವುದೇ ಪಾಡಾಯಿತು. ಕಾಡೂ ತಿರುಗಬೇಕು, ಪೆಟ್ಟಿಗೆಯನ್ನೂ ಕಾಯಬೇಕು ಎಂದರೆ ಸಿದ್ದೇಶನೊಬ್ಬ ಏನು ಮಾಡಿಯಾನು? ಯಂಕವ್ವನನ್ನು ಹುಡುಕಿಕೊಂಡು ಬಂದ.

ಮೊದಲ ದಿನ ಅವಳು ಫ್ರಿಜ್ಜಿನ ಬಾಗಿಲು ತೆಗೆದು, ತಲೆಯನ್ನೇ ಒಳಗೆ ತೂರಿಸಿ, ಒಂದು ಮೊಟ್ಟೆಗೆ ಕಣ್ಣಿನ ರೆಪ್ಪೆ ಒತ್ತಿದಳು.

"ಸಾಹೇಬ್ರ, ಇವು ಸತ್ತಾವ್ರಿ! ತಣ್ಣಗ ಆಗ್ಯಾವ!"

ಸಿದ್ದೇಶ ನಕ್ಕ. "ಇಲ್ರಿ ಯಕ್ಕಾ, ಇವುಕ್ಕ ಮೂವತ್ತೊಂದು ಮೂವತ್ತೆರಡು ಡಿಗ್ರಿ ಸಾಕು. ನಿಮ್ಮ ಕೋಳಿ ಲೆಕ್ಕ ಹಿಡದು ಮೂವತ್ತೇಳಕ್ಕ ಇಟ್ರ ಬೆಂದ ಹೋಗತಾವ. ಇನ್ನೊಂದು ಮಾತು ಕೇಳ್ರಿ. ಮೂವತ್ತೊಂದಕ್ಕ ಇಟ್ರ ಎಲ್ಲಾ ಹೆಣ್ಣು, ಮೂವತ್ತೆರಡೂವರಿಗೆ ಇಟ್ರ ಗಂಡು."

ಯಂಕವ್ವ ತೆರೆದ ಬಾಯಿ ಮುಚ್ಚಲಿಲ್ಲ. "ಹೌದೇನ್ರಿ! ಹೆಣ್ಣು ಹಡದಿ ಅಂತ ನಮ್ಮತ್ತಿ ಮೂರು ತಿಂಗಳು ನನ್ನ ಮಾರಿ ನೋಡಲಿಲ್ಲ. ಒಂದೂವರಿ ಡಿಗ್ರಿದಾಗ ಮುಗಿಯೋ ಮಾತಿಗೆ!"

ಅಷ್ಟರಲ್ಲಿ ಸಿದ್ದೇಶನಿಗೆ ಫೋನು ಬಂತು. ಗುಡ್ಡದ ಕಡೆ ಕರಡಿ ಇಳಿದಿದೆಯಂತೆ. ಬೈಕು ಹತ್ತಿ ಹೊರಟೇಬಿಟ್ಟ. ಹೇಳಬೇಕಾದ್ದು ಇನ್ನೂ ಒಂದಿತ್ತು, ಎಲ್ಲಕ್ಕಿಂತ ದೊಡ್ಡದು. ಅದು ಅವನಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಹೇಳುತ್ತಿರಲಿಲ್ಲವೇನೋ. ಮೀನಿನ ಮರಿಗೆ ಈಜು ಕಲಿಸುವವರುಂಟೆ?

ಆ ದಿನ ಹೊರಗೆ ನಲವತ್ತಮೂರು ಡಿಗ್ರಿ. ಹನ್ನೊಂದಕ್ಕೆ ಕರೆಂಟು ಹೋಯಿತು, ಕೂಲರ್ ನಿಂತಿತು. ಪೆಟ್ಟಿಗೆಯ ಅಂಕಿ ಮೂವತ್ತಮೂರು ದಾಟಿತು. ಯಂಕವ್ವ ಸೆರಗು ಸಿಕ್ಕಿಸಿ ನಿಂತಳು. ಕಿಟಕಿಗೆ ಗೋಣಿತಾಟು ಕಟ್ಟಿ ನೀರು ಹೊಡೆದಳು. ತಗಡಿನ ಮೇಲೆ ಹಾಸಿದ ಚೀಲಗಳು ಒಣಗದ ಹಾಗೆ ಏಣಿ ಹತ್ತಿ ಇಳಿದಳು. ಸೋಡಾ ಅಂಗಡಿಯಿಂದ ತಂದಿಟ್ಟ ಐಸಿನ ಬಾಟಲಿಗಳನ್ನು ಬಟ್ಟೆ ಸುತ್ತಿ ಫ್ರಿಜ್ಜಿನ ತಳದಲ್ಲಿಟ್ಟಳು. ಇಟ್ಟು ಮರೆಯುವ ಹಾಗೂ ಇಲ್ಲ, ಒಂದು ಹೆಚ್ಚಾದರೆ ಇಪ್ಪತ್ತೊಂಬತ್ತಕ್ಕೆ ಇಳಿದುಬಿಡುತ್ತದೆ. ಮೊಟ್ಟೆಗಳ ಮೇಲೆ ಒಂದು ಹನಿ ಬೀಳಗೊಡಲಿಲ್ಲ. ಮೂರಕ್ಕೆ ಹೊರಗೆ ಡಾಂಬರು ಕರಗುತ್ತಿತ್ತು, ಒಳಗೆ ಮೂವತ್ತೊಂದೂವರೆ. ಬಿಸಿಲನ್ನು ಬಾಗಿಲಲ್ಲೇ ನಿಲ್ಲಿಸಿದ ಹೆಂಗಸು ಅವಳು. ಹೆಮ್ಮೆ ಪಟ್ಟರೆ ತಪ್ಪೇನು?

ಮನಸ್ಸು ನಿರಾಳವಾಯಿತು. ನಿರಾಳವಾದ ಕೂಡಲೇ ಕೈ ತನ್ನ ಕೆಲಸಕ್ಕೆ ಹೊರಟಿತು. ಮೇಲಿನ ಟ್ರೇ ಎಳೆದು, ಒಂದೊಂದೇ ಮೊಟ್ಟೆಯನ್ನು ಮೂರು ಬೆರಳಲ್ಲಿ ಹಿಡಿದು ಅರ್ಧ ಸುತ್ತು ಹೊರಳಿಸಿದಳು. ಹದಿನಾಲ್ಕೂ ಮುಗಿದವು. ಕೆಳಗಿನ ಟ್ರೇಗೆ ಕೈ ಹಾಕುವಾಗ ಫೋನು ಹೊಡೆದುಕೊಂಡಿತು. ಸಿದ್ದೇಶ.

"ಹೆಂಗೈತ್ರಿ ಯಕ್ಕಾ, ಬಿಸಿಲು ಭಾಳ ಆತು."

"ಏನ್ ಚಿಂತಿ ಮಾಡಬ್ಯಾಡ್ರಿ. ಮೂವತ್ತೊಂದೂವರಿಗೆ ಇಳಿಸಿ ನಿಲ್ಲಿಸೀನಿ. ಮ್ಯಾಲಿನ ಟ್ರೇದ ತತ್ತಿ ಹೊರಳಿಸಿ ಆತು, ಈಗ ಕೆಳಗಿನವು ಹೊರಳಸಾಕತ್ತೀನಿ."

ಆ ಕಡೆಯಿಂದ ಕಿವಿ ಹರಿಯುವಂಥ ಕೂಗು.

"ಕೈ ತಗೀರಿ! ಯಕ್ಕಾ, ಕೈ ತಗೀರಿ! ಮುಟ್ಟಬ್ಯಾಡ್ರಿ!"

"ಯಾಕ್ರಿ, ಏನಾತು?"

"ಮಸಳಿ ತತ್ತಿ ಹೊರಳಸಬಾರದ್ರಿ. ಮರಿ ಮ್ಯಾಲಿನ ಚಿಪ್ಪಿಗೆ ಅಂಟಿಕೊಂಡ ಬೆಳೀತೈತಿ. ತಿರುವಿದ್ರ ತಳಕ್ಕ ಸಿಕ್ಕು ಉಸುರುಗಟ್ಟಿ ಸಾಯತೈತಿ. ಅದಕ್ಕ ತಲೀ ಮ್ಯಾಲ ಪೆನ್ಸಿಲ್ ಗೆರಿ ಹಾಕೀವಿ, ನೋಡಲಿಲ್ಲೇನ್ರಿ?"

ನೋಡಿದ್ದಳು. ಲೆಕ್ಕಕ್ಕೆ ಹಾಕಿದ ಗೆರೆ ಎಂದುಕೊಂಡಿದ್ದಳು. ಈಗ ಹದಿನಾಲ್ಕು ಗೆರೆಗಳೂ ಮರಳಿನಲ್ಲಿ ಮುಖ ಹುದುಗಿಸಿದ್ದವು. ಅಂಟಿದರೆ ಸಾಯುತ್ತದೆ ಎಂದು ಹತ್ತೊಂಬತ್ತು ವರ್ಷ ನಂಬಿದ್ದಳಲ್ಲ, ಇಲ್ಲಿ ಅಂಟಿದ್ದರೇ ಬದುಕು! ಸಾಹೇಬ, ಬಹುವಚನ ಎಲ್ಲ ಎಲ್ಲಿ ಹೋದವೋ.

"ಮೊದಲ ಯಾಕ ಹೇಳಲಿಲ್ಲೋ ನನ್ನಪ್ಪಾ? ನೀ ಯಾಕ ಹೇಳಲಿಲ್ಲೋ?"

ಸಿದ್ದೇಶ ಕೊಪ್ಪಳದ ಪಶುವೈದ್ಯೆ ದಾನೇಶ್ವರಿಗೆ ಫೋನು ಮಾಡಿ ಯಂಕವ್ವನೊಡನೆ ಮಾತಾಡಿಸಿದ. ಅವಳು ಹೇಳಿದ್ದಿಷ್ಟು: ಅಲುಗಾಡಿಸದೆ, ನಿಧಾನವಾಗಿ ಗೆರೆ ಮತ್ತೆ ಮೇಲೆ ಬರುವಂತೆ ಇಡಿ. ಎಷ್ಟು ಉಳಿದವೆಂಬುದು ಮರಿ ಬರುವ ಹೊತ್ತಿಗೇ ಗೊತ್ತಾಗಬೇಕು.

ಯಂಕವ್ವ ಹದಿನಾಲ್ಕನ್ನೂ ಮತ್ತೆ ಹೊರಳಿಸಿದಳು. ಸಾವಿರ ಸಾವಿರ ಮೊಟ್ಟೆ ಆಡಿಸಿದವಳು ಒಂದೊಂದರ ಗೆರೆಯನ್ನೂ ಎರಡೆರಡು ಸಲ ನೋಡಿ ಮರಳಲ್ಲಿ ಕೂರಿಸಿದಳು.

ಮರುದಿನ ಅವಳು ಬರಲಾರಳೆಂದು ಸಿದ್ದೇಶ ಅಂದುಕೊಂಡಿದ್ದ. ಅವನಿಗಿಂತ ಮೊದಲೇ ಬಂದು ಗೋಣಿತಾಟಿಗೆ ನೀರು ಹೊಡೆಯುತ್ತಿದ್ದಳು. ಮೇ ತಿಂಗಳು ಪೂರ್ತಿ ಬಂದಳು. ಮಗಳು ರಂಜಿತಾ ಕುಷ್ಟಗಿಗೆ ಕರೆದರೂ ಹೋಗಲಿಲ್ಲ. ಬಿಸಿಲು ನಲವತ್ತನಾಲ್ಕಕ್ಕೆ ಏರಿದ ದಿನವೂ ಪೆಟ್ಟಿಗೆಯ ಅಂಕಿ ಮೂವತ್ತೆರಡನ್ನು ದಾಟಲಿಲ್ಲ. ಮೊಟ್ಟೆಗಳನ್ನು ಮಾತ್ರ ಅವಳು ಬೆರಳಿನಿಂದಲೂ ಮುಟ್ಟಲಿಲ್ಲ. ಟ್ರೇ ಎಳೆಯಬೇಕಾದಾಗ ಸಿದ್ದೇಶನನ್ನೇ ಕರೆಯುತ್ತಿದ್ದಳು.

ಜೂನ್ ಮೊದಲ ವಾರ, ಬೆಳಗ್ಗೆ ಪೆಟ್ಟಿಗೆಯೊಳಗಿಂದ ಸದ್ದು ಬಂತು. ಗುಂಕ್, ಗುಂಕ್. ಚಿಪ್ಪಿನೊಳಗಿಂದಲೇ ಮೊಸಳೆಮರಿಗಳು ಕೂಗುತ್ತಿದ್ದವು. ಯಂಕವ್ವ ಬೆಚ್ಚಿ ಗೋಡೆಗೊರಗಿದಳು. ಕೋಳಿಮರಿಯ ಚಿಂವ್ ಚಿಂವ್ ಕೇಳಿ ಬೆಳೆದ ಕಿವಿಗೆ ಅದು ಭೂಮಿಯ ಒಳಗಿನಿಂದ ಯಾರೋ ಕರೆದ ಹಾಗಿತ್ತು. ಸಂಜೆಯೊಳಗೆ ಕೆಳಗಿನ ಟ್ರೇಯಲ್ಲಿ ಹದಿಮೂರು ಮರಿ ಹೊರಬಂದವು. ಮೇಲಿನದರಲ್ಲಿ ಐದು. ಐದಾದರೂ ಬಂದವಲ್ಲ ಎಂದು ಅವಳು ಅತ್ತಳು. ಮತ್ತೆರಡು ದಿನ ಕಾದರು. ಕೆಳಗಿನ ಟ್ರೇಯಲ್ಲಿ ಉಳಿದ ಒಂದು ಮೊಟ್ಟೆ ಜೊಳ್ಳೆಂದು ಗೊತ್ತಾಯಿತು. ಮೇಲಿನದರಲ್ಲಿ ಉಳಿದ ಒಂಬತ್ತು ಸದ್ದು ಮಾಡಲಿಲ್ಲ.

ದಾನೇಶ್ವರಿ ಬಂದು ಅಂಗಳದಲ್ಲಿ ಕೂತು ಒಂದೊಂದನ್ನೇ ಒಡೆದಳು. ನಾತಕ್ಕೆ ಸಿದ್ದೇಶ ಮೂಗು ಮುಚ್ಚಿದ. ಯಂಕವ್ವ ಮುಚ್ಚಲಿಲ್ಲ. ಒಂಬತ್ತರಲ್ಲೂ ಬೆರಳುದ್ದದ ಮರಿ, ಎಲ್ಲವೂ ಒಂದೇ ಅಳತೆ.

"ಇವು ಏಪ್ರಿಲ್‌ದಾಗ ನಿಂತಾವ್ರಿ," ಎಂದಳು ದಾನೇಶ್ವರಿ, ಯಂಕವ್ವನ ಮುಖ ನೋಡದೆ. "ಎಲ್ಲಾ ಒಂದ ದಿನ."

ಸಿದ್ದೇಶ ಒಳಗೆ ಹೋಗಿ ಮೇಲಿನವರಿಗೆ ಕಳಿಸುವ ವರದಿ ಬರೆಯತೊಡಗಿದ. ಪಾಪ, ಒಳ್ಳೆಯ ಹುಡುಗ. ನಾಲ್ಕನೇ ತರಗತಿವರೆಗೆ ಓದಿದ ಯಂಕವ್ವ ಹಿಂದೆ ನಿಂತು, ಅಕ್ಷರ ಕೂಡಿಸಿ ಕೂಡಿಸಿ ಓದಿದಳು: 'ಅತಿಯಾದ ಬಿಸಿಲಿನ ತಾಪದಿಂದ ಒಂಬತ್ತು ಮೊಟ್ಟೆಗಳು ಕೆಟ್ಟಿರುತ್ತವೆ.'

ಅವಳು ಹೌಹಾರಿದಳು.

"ಬಿಸಿಲು? ಇದರೊಳಗ ಬಿಸಿಲು ಯಾವಾಗ ಬಂದಿತ್ರಿ?"

"ಹಂಗಲ್ರಿ ಯಕ್ಕಾ. ನಿಮ್ಮ ಮ್ಯಾಲ ಬರಬಾರದು ಅಂತ..."

"ನಲವತ್ತು ದಿನ ಕಾದೀನಿ. ಒಂದು ದಿನಾನೂ ಬಿಸಿಲಿಗೆ ಈ ಪೆಟಗಿ ಮುಟ್ಟಾಕ ಕೊಟ್ಟಿಲ್ಲ. ನಾ ಮಾಡಿದ್ದು ಅದೊಂದ ಛಲೋ ಕೆಲಸ, ಅದನ್ನೂ ಸುಳ್ಳು ಮಾಡತೀರೇನು? ಹೊಡದು ಹಾಕ್ರಿ ಅದನ್ನ."

ಸಿದ್ದೇಶ ಆ ಸಾಲಿನ ಮೇಲೆ ಗೀಟು ಎಳೆದ.

"ಹೊರಳಿಸಿದ್ದಕ್ಕ ಸತ್ತಾವ ಅಂತ ಬರೀರಿ. ಹೊರಳಿಸಿದಾಕಿ ಯಂಕವ್ವ, ಗಂಡ ಗ್ಯಾನಪ್ಪ, ಊರು ಗಂಗಾವತಿ. ಹ್ಯಾಚರ್‍ಯಾಗ ಹತ್ತೊಂಬತ್ತು ವರ್ಷ ಕೆಲಸ ಮಾಡ್ಯಾಳ. ಅದನ್ನ ಬಿಡಬ್ಯಾಡ್ರಿ, ಅದನ್ನ ಮೊದಲ ಬರೀರಿ. ತಿಳೀಲಾರದಾಕಿ ಆಗಿದ್ರ ನೀವು ಎಲ್ಲಾ ಹೇಳಿ ಹೋಗತಿದ್ರಿ, ನಾನೂ ಅಂಜಿ ಮುಟ್ಟತಿದ್ದಿಲ್ಲ."