ಕಾಯಿ ಒಡೆದ ದೋಣಿ

ಕಾಸರಕೋಡದ ಜಟ್ಟನ ಮಗಳು ಸುಶ್ಮಿತಾ ಬಸ್ಸಿನಲ್ಲಿ ಭಟ್ಕಳದ ಎಂಜಿನಿಯರಿಂಗ್ ಕಾಲೇಜಿಗೆ ಹೋಗಿಬರುತ್ತಿದ್ದ ಕಾಲದಲ್ಲಿ, ಬಂದರಿನ ಬಾಯಿಗಳಿಗೆ ಬಿಡುವೇ ಇರಲಿಲ್ಲ. ಮೀನುಗಾರನ ಮಗಳು ಎಲೆಕ್ಟ್ರಾನಿಕ್ಸ್ ಓದಿ ಮೀನಿಗೆ ಕರೆಂಟು ಕೊಡುತ್ತಾಳೋ ಎಂದು ನಗುವವರೇ ಎಲ್ಲ. ಜಟ್ಟ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳೆಂದರೆ ಅವನಿಗೆ ಎಲ್ಲಿಲ್ಲದ ಹೆಮ್ಮೆ. ಕೇಳಿದವರಿಗೂ ಕೇಳದವರಿಗೂ ಅವಳ ಓದಿನ ಸುದ್ದಿ ಹೇಳುತ್ತಿದ್ದ.

ಕೊನೆಯ ವರ್ಷ, ಅಂದರೆ ಎರಡು ಸಾವಿರದ ಎರಡರ ಮಳೆಗಾಲದಲ್ಲಿ, ಅವಳು ಐಸಿ ಚಿಪ್‌ಗಳ ಪರೀಕ್ಷೆಯ ಕೋರ್ಸು ಆರಿಸಿಕೊಂಡಳು. ಉಗುರಿನಷ್ಟು ಐಸಿ, ಅದರೊಳಗೆ ಸಾವಿರಾರು ಸರ್ಕ್ಯೂಟು. ಬಿಚ್ಚಿ ನೋಡುವಂತಿಲ್ಲ. ಒಂದು ಕಡೆ ಸಿಗ್ನಲ್ ಕೊಟ್ಟು, ಇನ್ನೊಂದು ಕಡೆ ಏನು ಬಂತೆಂದು ನೋಡಿಯೇ ಒಳಗಿನ ದೋಷ ಹಿಡಿಯಬೇಕು. ಪಾಠ ಮಾಡುತ್ತಿದ್ದವರು ಕುಮಟೆಯ ಶಾಂತಾರಾಮ ಮಾಸ್ತರರು. "ಪಾಸಾದ ಐಸಿ ಎಲ್ಲ ಒಳ್ಳೇದು ಅಂತ ತಿಳೀಬೇಡಿ" ಎಂದು ಮೊದಲ ವಾರವೇ ಹೇಳಿದ್ದರು. "ನಾವು ಕೇಳಿದ್ದಕ್ಕೆ ಅದು ಸರಿಯಾಗಿ ಉತ್ತರ ಕೊಟ್ಟದೆ, ಅಷ್ಟೇ. ನಾವು ಕೇಳದೇ ಬಿಟ್ಟದ್ದರಲ್ಲಿ ದೋಷ ಇರಬಹುದು."

ಅದೇ ತಿಂಗಳು, ಕಡಲಿಗೆ ತೆಂಗಿನಕಾಯಿ ಅರ್ಪಿಸುವ ನಾರಳ ಹುಣ್ಣಿಮೆ ಬಂತು. ಮಳೆಗಾಲದ ರಜೆ ಮುಗಿದು ದೋಣಿಗಳು ಕಡಲಿಗಿಳಿಯುವ ಹೊತ್ತು. ಪೂಜೆಗೆ ಮೊದಲು ವೈರ್‌ಲೆಸ್ ಸೆಟ್ ನೋಡುವುದು ಬಂದರಿನ ಕ್ರಮ. ಜಟ್ಟ ಪಕ್ಕದಲ್ಲೇ ಕಟ್ಟಿದ್ದ ಶುಕ್ರನ ದೋಣಿಯ ಸೆಟ್ಟಿಗೆ ಮಾತಾಡಿದ. "ಕೇಳ್ತದೆ" ಎಂದ ಶುಕ್ರ. ಅಷ್ಟು ಹತ್ತಿರಕ್ಕೆ ಸೆಟ್ ಇಲ್ಲದಿದ್ದರೂ ಕೇಳುತ್ತಿತ್ತು! ಜಟ್ಟ ಸೆಟ್ಟಿಗೆ ಕುಂಕುಮ ಹಚ್ಚಿ ಕಾಯಿ ಒಡೆದ.

ಸುಶ್ಮಿತಾಗೆ ಮಾಸ್ತರರ ಮಾತು ನೆನಪಾದದ್ದು ಆಗ.

"ಅಪ್ಪಾ, ಹತ್ರ ಕೇಳಿದ್ರೆ ಸಾಕಾಗೂದಿಲ್ಲ. ಸೆಟ್ಟಿನ ಬಲ ಕಡಿಮೆ ಆಗಿದ್ರೆ ದೂರ ಹೋದ ಮೇಲೇ ಗೊತ್ತಾಗೂದು. ಶುಕ್ರಣ್ಣ ಮೊದ್ಲು ದೂರ ಹೋಗ್ಲಿ, ಅಲ್ಲಿಂದ ಕೇಳ್ತದಾ ನೋಡಿ ನೀನು ಹೊರಡು."

ತಾಯಿ ಮಂಜಿ ಉರಿದುಬಿದ್ದಳು. "ಬಾಯ್ಮುಚ್ಚು! ಕಾಯಿ ಒಡೆದ ದೋಣಿ ಮೇಲೆ ಸಂಶಯ ಮಾಡೂಕಾಗ. ಅಪಶಕುನ ಎಂತಕ್ಕೆ ನುಡೀತೆ?"

ಜಟ್ಟ ನಕ್ಕು, "ಬಂದ ಮೇಲೆ ನೋಡುವ, ಆತಾ?" ಎಂದ. ಹಗ್ಗ ಬಿಚ್ಚಿ ದೋಣಿಯನ್ನು ಕಡಲಿಗೆ ಬಿಟ್ಟ.

ನಡುಗಡಲಲ್ಲಿ ಗಾಳಿ ಎದ್ದು, ಎಂಜಿನ್ ನಿಂತು, ಜಟ್ಟನ ದೋಣಿ ಮಗುಚಿತು. ಬಲೆಯ ಬೆಂಡು ಹಿಡಿದು ತೇಲಿದ ಆಳುಗಳು ಬದುಕಿ ಬಂದರು. ಜಟ್ಟ ಬರಲಿಲ್ಲ. "ಕಡೇ ತನಕ ಸೆಟ್ಟಲ್ಲಿ ಕರೀತಾನೇ ಇದ್ದ" ಎಂದು ಅವರು ಅತ್ತರು. "ಸೆಟ್ಟಿನ ದೀಪ ಉರೀತಿತ್ತು. ಯಾರಿಗಾದ್ರೂ ಕೇಳ್ತದೆ ಅಂತಲೇ ಇದ್ದ." ಯಾವ ದೋಣಿಗೂ ಕೇಳಿರಲಿಲ್ಲ. ಶುಕ್ರನ ಸೆಟ್ಟಿನಲ್ಲಿ ಬರೀ ಗರಗರ.

ಊರಿನ ಹಿರಿಯರು ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದರು. ಹೇಳುವವರಿಗೇನು! ಸುಶ್ಮಿತಾ ಕಣ್ಣೊರೆಸಿಕೊಂಡೇ ಆ ಕೋರ್ಸು ಮುಗಿಸಿದಳು, ಅದೇ ಕಾಲೇಜಿನಲ್ಲಿ ಕೆಲಸ ಹಿಡಿದಳು, ಶಾಂತಾರಾಮ ಮಾಸ್ತರರು ನಿವೃತ್ತರಾದಾಗ ಆ ಪಾಠವನ್ನೇ ಕೇಳಿ ಪಡೆದಳು. ಮನೆಯಲ್ಲಿ ಮಾತ್ರ ತಾಯಿ ಮಗಳು ಆ ದಿನದ ಮಾತೆತ್ತಲಿಲ್ಲ. ಒಣಮೀನು ಹರವುವಾಗಲೂ ಮಂಜಿ ಕಡಲಿಗೆ ಬೆನ್ನು ಹಾಕಿ ಕೂರುತ್ತಿದ್ದಳು.

ಸುಶ್ಮಿತಾಳ ತಮ್ಮ ಅಜಯ ಬೆಳೆದು ಬೇರೆ ಕಸುಬು ಒಲ್ಲೆನೆಂದ. ಎರಡು ಸಾವಿರದ ಎಂಟರ ನಾರಳ ಹುಣ್ಣಿಮೆಗೆ ಅವನದೇ ದೋಣಿ. ಸುಶ್ಮಿತಾ ರಜೆ ಹಾಕಿ ಬಂದರಿಗೆ ಬಂದಿದ್ದಳು. ಅಜಯ ಸೆಟ್ಟಿನಲ್ಲಿ ಮಾತಾಡಿದ. ಪಕ್ಕದ ದೋಣಿಯಿಂದ ಶುಕ್ರ, "ಕೇಳ್ತದೆ" ಎಂದ. ಅಜಯ ಕಾಯಿಗೆ ಕೈ ಚಾಚಿದ. ಮಂಜಿ ಕೊಡಲಿಲ್ಲ.

"ಶುಕ್ರಾ, ನೀನು ಮೊದ್ಲು ಹೋಗು. ನಮ್ಮ ಕಣ್ಣಿಗೆ ಕಾಣದಷ್ಟು ದೂರ ಹೋಗಿ ಅಲ್ಲಿಂದ ಹೇಳು."

ಮುದುಕ ಶುಕ್ರ ಎದುರಾಡದೆ ಹಗ್ಗ ಬಿಚ್ಚಿದ. ಅವನ ದೋಣಿ ಹೊಳೆ ಕಡಲು ಸೇರುವ ಅಳಿವೆ ದಾಟಿತು, ಸಣ್ಣದಾಯಿತು, ಕಾಣದಾಯಿತು. ಆರು ವರ್ಷದಲ್ಲಿ ಮೊದಲ ಸಲ ಮಂಜಿ ಕಡಲನ್ನು ನೆಟ್ಟ ನೋಟದಿಂದ ನೋಡುತ್ತ ನಿಂತಿದ್ದಳು. ಅಜಯ ಕರೆದ, ಮತ್ತೆ ಕರೆದ.

"ಕೇಳ್ತದೆ, ತಮಾ. ಲಾಯ್ಕ ಕೇಳ್ತದೆ."

ಮಂಜಿ ತಿರುಗಿ ಮಗಳನ್ನು ನೋಡಿದಳು. "ಇನ್ನೆಂತಾದ್ರೂ ನೋಡೂದು ಅದ್ಯಾ, ಮಗಾ?"

ಸುಶ್ಮಿತಾ ಅಳುತ್ತಲೇ ಇಲ್ಲವೆಂದು ತಲೆಯಾಡಿಸಿದಳು. ಮಂಜಿ ಕಾಯಿಯನ್ನು ಅವಳ ಕೈಗಿಟ್ಟಳು.

"ಹಂಗಾರೆ ನೀನೇ ಒಡೆ."