ಬೆಂಡಿನ ಬಾಸಿಂಗಕ್ಕೆ ನಾನು ಹಾಕಿದ ಕಟ್ಟು

ಸೊರಬದ ನಮ್ಮ ಮನೆಯಲ್ಲಿ ಬೆಂಡಿನ ಕೆಲಸ ಚಿಕ್ಕಮ್ಮನದು, ಕಟ್ಟಿ ಕಳಿಸುವ ಕೆಲಸ ನನ್ನದು. ನನ್ನ ತಾಯಿ ತೀರಿಕೊಂಡಾಗ ನನಗೆ ಆರು ವರ್ಷ. ತಾಯಿಯ ತಂಗಿಯಾದ ಚಿಕ್ಕಮ್ಮ ನನ್ನನ್ನು ತನ್ನ ಮಗಳ ಜೊತೆಗೇ ಸಾಕಿದಳು. ಬೆಂಡು ಅಂದರೆ ಕೆರೆಯ ನೀರಿನಲ್ಲಿ ಬೆಳೆಯುವ ಗಿಡದ ಕಾಂಡ. ಒಣಗಿಸಿ, ಸಿಪ್ಪೆ ತೆಗೆದು, ಹರಿತವಾದ ಕತ್ತಿಯಿಂದ ಉರುಳಿಸುತ್ತ ಹೆರೆದರೆ ಕಾಗದದಷ್ಟು ತೆಳ್ಳಗಿನ ಬಿಳಿ ಹಾಳೆ ಬರುತ್ತದೆ. ಅದನ್ನು ಎಸಳು ಮಾಡಿ, ಹೂವು ಕಟ್ಟಿ, ಮದುಮಕ್ಕಳ ಹಣೆಗೆ ಬಾಸಿಂಗ ಮಾಡುತ್ತಿದ್ದಳು ಚಿಕ್ಕಮ್ಮ. ಕೈಯಲ್ಲಿ ಹಿಡಿದರೆ ಏನನ್ನೂ ಹಿಡಿದಂತೆ ಇರುವುದಿಲ್ಲ. ಉಗುರು ತಾಗಿದರೆ ಗುಳಿ ಬೀಳುತ್ತದೆ. ಬಿದ್ದ ಗುಳಿ ಮತ್ತೆ ಏಳುವುದಿಲ್ಲ.

ಹಿಂದೆ ಬಾಸಿಂಗ ಬೇಕಾದವರು ಮನೆಗೇ ಬಂದು ಒಯ್ಯುತ್ತಿದ್ದರು. ಚಿಕ್ಕಮ್ಮ ಒಂದು ಬಿದಿರಿನ ಬುಟ್ಟಿಯ ತಳಕ್ಕೆ ರಟ್ಟು ಹಾಸಿ, ಬಾಸಿಂಗವನ್ನು ಆ ರಟ್ಟಿಗೆ ನಾಲ್ಕು ಕಡೆ ದಾರದಿಂದ ಹೊಲಿದು, ಸುತ್ತಲೂ ಬೂರುಗದ ಹತ್ತಿ ತುಂಬಿದ ಸಣ್ಣ ಬಟ್ಟೆ ಚೀಲಗಳನ್ನು ಇಡುತ್ತಿದ್ದಳು. ಚೀಲಗಳು ಬುಟ್ಟಿಗೆ ಒರಗುತ್ತಿದ್ದವೇ ಹೊರತು ಹೂವಿಗೆ ತಾಗುತ್ತಿರಲಿಲ್ಲ. ಮೇಲೆ ಬಹಳ ಸಲ ಒಗೆದು ಮೆತ್ತಗಾದ ಪಂಚೆಯ ತುಂಡನ್ನು ಬುಟ್ಟಿಯ ಅಂಚಿಗೆ ಬಿಗಿದು ಕಟ್ಟುತ್ತಿದ್ದಳು.

"ಅಲ್ಲಾಡಬಾರ್ದು, ಅದುಮಲೂಬಾರ್ದು. ಅಷ್ಟೇ ಕಣೆ," ಎನ್ನುತ್ತಿದ್ದಳು.

ಫೋನಿನಲ್ಲಿ ಫೋಟೋ ನೋಡಿ ದೂರದೂರಿನವರು ತರಿಸಿಕೊಳ್ಳಲು ಶುರು ಮಾಡಿದ ಮೇಲೆ ಕೊರಿಯರಿಗೆ ಬುಟ್ಟಿ ಒಗ್ಗಲಿಲ್ಲ. ನಾನು ಶಿರಾಳಕೊಪ್ಪದಿಂದ ಗಾಳಿಗುಳ್ಳೆ ಇರುವ ಪ್ಲಾಸ್ಟಿಕ್ಕಿನ ಸುರುಳಿ ತಂದೆ, ಔಷಧಿ ಅಂಗಡಿಯಲ್ಲಿ ರಟ್ಟಿನ ಡಬ್ಬಿ ಕೇಳಿ ತಂದೆ. ಹಾರ, ತುರಾಯಿಗಳೆಲ್ಲ ಹಾಗೇ ಹೋಗಿ ಸುಖವಾಗಿ ತಲುಪಿದವು. ಕಟ್ಟುವ ವಿದ್ಯೆ ನನಗೆ ಬಂದಿದೆ ಎಂದು ನಾನು ನಂಬಿದ್ದೆ.

ಚಿಕ್ಕಮ್ಮನ ಮಗಳು, ಅಂದರೆ ನನ್ನ ಅಕ್ಕ, ಇಪ್ಪತ್ತಮೂರು ವರ್ಷದ ಹಿಂದೆ ಶಿಕಾರಿಪುರದ ಕಡೆಯ ಹುಡುಗನನ್ನು ಮೆಚ್ಚಿ ಮದುವೆಯಾದಳು. ಹೊಲ, ಕುರಿ ಇದ್ದ ಮನೆ. ಜಾತಿ ಬೇರೆ. ಚಿಕ್ಕಪ್ಪ ಅವಳ ಹೆಸರನ್ನೇ ಮನೆಯಲ್ಲಿ ಎತ್ತಬಾರದು ಎಂದರು. ಚಿಕ್ಕಪ್ಪ ತೀರಿಕೊಂಡ ಮೇಲೂ ತಾಯಿ ಮಗಳು ಮಾತಾಡಲಿಲ್ಲ. ಯಾರು ಮೊದಲು ಎನ್ನುವುದರಲ್ಲೇ ವರ್ಷಗಳು ಕಳೆದವು. ನನ್ನ ಜೊತೆ ಮಾತ್ರ ಅಕ್ಕ ಆಗಾಗ ಫೋನಿನಲ್ಲಿ ಮಾತಾಡುತ್ತಿದ್ದಳು.

ಹೋದ ವರ್ಷ ಅವಳ ಮಗಳ ಮದುವೆ ನಿಶ್ಚಯವಾಯಿತು. "ಬಾಸಿಂಗ ನೀನೇ ಮಾಡಿಕೊಡು," ಎಂದಳು. "ಅವ್ವಗ ಹೇಳಬ್ಯಾಡ."

ಬಾಸಿಂಗ ಕಟ್ಟಲು ನನಗೂ ಅಷ್ಟಿಷ್ಟು ಬರುತ್ತಿತ್ತು, ಆದರೂ ಚಿಕ್ಕಮ್ಮನಿಗೆ ಹೇಳಿದೆ. ಮರುದಿನ ಬೆಳಿಗ್ಗೆ ನೋಡಿದರೆ ಜಗುಲಿಯಲ್ಲಿ ಕತ್ತಿ ಮಸೆಯುತ್ತ ಕೂತಿದ್ದಳು. ಕಣ್ಣಿನ ಪೊರೆ ತೆಗೆಸಿ ಒಂದು ವರ್ಷವಾಗಿತ್ತು, ಕೈ ನಡುಗುತ್ತಿತ್ತು. ಹತ್ತು ಎಸಳು ಕತ್ತರಿಸಿದರೆ ನಾಲ್ಕು ಸರಿ ಬರುತ್ತಿದ್ದವು. ನಾನು ಸಹಾಯಕ್ಕೆ ಕೈ ಚಾಚಿದರೆ, "ನೀ ಅಂಟು ಕಾಸು, ಸಾಕು," ಎಂದು ಹುಣಸೆ ಬೀಜದ ಅಂಟು ಕಾಯಿಸಲು ಕಳಿಸುತ್ತಿದ್ದಳು. ಗಂಡಿನದು, ಹೆಣ್ಣಿನದು ಎರಡಕ್ಕೂ ಇಪ್ಪತ್ತು ದಿನ ಹಿಡಿಯಿತು. ಹೆಣ್ಣಿನ ಬಾಸಿಂಗದ ನೆತ್ತಿಯಲ್ಲಿ ಒಂದು ಅರಳಿದ ಕಮಲ ಇಟ್ಟಿದ್ದಳು. ಅಂಥದ್ದನ್ನು ಅವಳು ಬೇರೆ ಯಾರಿಗೂ ಮಾಡಿದ್ದು ನಾನು ನೋಡಿಲ್ಲ.

"ನೀನೂ ಬಾ," ಎಂದೆ.

"ನನ್ನ ಕರೆದಿದಾರ?" ಎಂದಳು. ಆಮೇಲೆ, "ಬುಟ್ಟೀಲಿ ಇಟ್ಕೊಂಡು ಹೋಗು. ತೊಡೆ ಮೇಲೆ ಇಟ್ಕೊ. ಯಾರಿಗೂ ಕೊಡಬ್ಯಾಡ," ಎಂದಳು.

ಹೂಂ ಅಂದೆ. ಮದುವೆಗೆ ಹೊರಟವಳು ನಾನು. ರೇಷ್ಮೆ ಸೀರೆಯ ಚೀಲ ಒಂದು ಕೈಯಲ್ಲಿ, ಅಷ್ಟಗಲದ ಬುಟ್ಟಿ ಇನ್ನೊಂದರಲ್ಲಿ. ಶಿರಾಳಕೊಪ್ಪದಲ್ಲಿ ಬಸ್ಸು ಬೇರೆ ಬದಲಾಯಿಸಬೇಕು, ಅವತ್ತು ಅಲ್ಲಿ ಸಂತೆ. ಚಿಕ್ಕಮ್ಮ ಸ್ನಾನಕ್ಕೆ ಹೋದಾಗ ಎರಡೂ ಬಾಸಿಂಗಗಳನ್ನು ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಮೂರು ಸುತ್ತು ಸುತ್ತಿ, ಅಲ್ಲಾಡದಿರಲಿ ಎಂದು ಮೇಲೆ ಟೇಪು ಬಿಗಿದು, ಡಬ್ಬಿಗಿಟ್ಟೆ. ಬುಟ್ಟಿಯನ್ನು ಅವಳ ಕಣ್ಣಿಗೆ ಬೀಳದಂತೆ ಅಟ್ಟಕ್ಕೆ ಹಾಕಿ, ಅವಳು ಬಚ್ಚಲಿಂದ ಬರುವ ಮೊದಲೇ ಹೊರಟೆ.

ಶಿರಾಳಕೊಪ್ಪದಲ್ಲಿ ಹತ್ತಿದ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಡಬ್ಬಿಯನ್ನು ತಲೆಯ ಮೇಲಿನ ಹಲಗೆಗಿಟ್ಟೆ. ಬಳ್ಳಿಗಾವಿಯಲ್ಲಿ ಸೀಟು ಸಿಕ್ಕಿತು, ತಿರುಗಿ ನೋಡಿದೆ. ಡಬ್ಬಿಯ ಮೇಲೆ ಯಾರದೋ ಈರುಳ್ಳಿ ಚೀಲ ಕೂತಿತ್ತು.

"ಯಾರ್ದ್ರೀ ಇದು?" ಎಂದು ಕೂಗಿದೆ. ಒಬ್ಬ ಅಜ್ಜ ಗಡಬಡಿಸಿ ಎದ್ದು ಚೀಲ ಇಳಿಸಿದ. "ಗೊತ್ತಾಗಲಿಲ್ಲ ತಂಗಿ, ಔಷಧಿ ಡಬ್ಬಿ ಅನ್ಕಂಡೆ," ಎಂದ. ಅವನದೇನು ತಪ್ಪು? ಡಬ್ಬಿಯ ಮೇಲೆ ಔಷಧಿಯ ಹೆಸರೇ ಇತ್ತು.

ಅಕ್ಕನ ಮನೆ ತಲುಪಿದಾಗ ಮಧ್ಯಾಹ್ನ. ಅಂಗಳದಲ್ಲಿ ಚಪ್ಪರ ಹಾಕುತ್ತಿದ್ದರು. ಅಕ್ಕ ನನ್ನನ್ನು ಒಳಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು. ಡಬ್ಬಿ ಬಿಚ್ಚಿದೆವು. ಗಂಡಿನ ಬಾಸಿಂಗ ಚೆನ್ನಾಗಿತ್ತು. ಹೆಣ್ಣಿನದರ ಒಂದು ಪಕ್ಕ ಪೂರ್ತಿ ಅದುಮಿ ಹೋಗಿತ್ತು. ಕಮಲ ಚಪ್ಪಟೆಯಾಗಿ ಎಸಳುಗಳು ಸೀಳಿದ್ದವು. ಪ್ಲಾಸ್ಟಿಕ್ಕಿನ ಒಂದೊಂದು ಗುಳ್ಳೆಯ ಅಚ್ಚೂ ಬಿಳಿಯ ಮೇಲೆ ಮೂಡಿತ್ತು. ನಾನು ಅಷ್ಟು ಬಿಗಿದಿದ್ದೆ.

ಅಕ್ಕ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. "ಇದು ನಿನ್ನ ಕೈ ಅಲ್ಲ," ಎಂದಳು. "ಅವ್ವ ಮಾಡ್ಯಾಳ."

ನಾನು ಅಳಲು ಶುರು ಮಾಡಿದೆ. ಅವಳು ಅಳಲಿಲ್ಲ. "ಬೆಂಡು ಉಳದೈತೇನು?" ಎಂದು ಕೇಳಿದಳು. ಎಲ್ಲಿಗೆ ಹೋದರೂ ಎರಡು ತುಂಡು ಬೆಂಡು, ಸಣ್ಣ ಕತ್ತಿ ಚೀಲದಲ್ಲಿಟ್ಟುಕೊಳ್ಳುವುದು ನಮ್ಮ ಕಸುಬಿನವರ ರೂಢಿ. ಕೊಟ್ಟೆ. ನೆಲದ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಬಿಳಿ ಪಂಚೆ ಹಾಸಿ ಕೂತಳು. ನಾನು ಒಲೆಯ ಬಳಿ ಹೋಗಿ ಮೈದಾ ಹಿಟ್ಟಿನ ಅಂಟು ಕಾಸಿ ತಂದೆ. ಇಪ್ಪತ್ತೆರಡು ವರ್ಷ ಕತ್ತಿ ಮುಟ್ಟದ ಕೈ. ಮೊದಲಿನ ಹಾಳೆಗಳು ಹರಿದವು, ಆಮೇಲೆ ಬಂತು.

ಅಕ್ಕ ಎಡಚಿ. ಚಿಕ್ಕವಳಿದ್ದಾಗ ಎಡಗೈಯಲ್ಲಿ ಕತ್ತಿ ಹಿಡಿದರೆ ಚಿಕ್ಕಮ್ಮ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದಳು, ಮಂಗಳದ ವಸ್ತುವನ್ನು ಎಡಗೈಯಲ್ಲಿ ಮಾಡಬಾರದೆಂದು. ಈಗ ಯಾರೂ ತಡೆಯುವವರಿರಲಿಲ್ಲ. ಎಡಗೈಯಲ್ಲೇ ಕತ್ತರಿಸಿದಳು. ಚಿಕ್ಕಮ್ಮನ ಎಸಳುಗಳ ತುದಿಗಳು ಬಲಕ್ಕೆ ವಾಲುತ್ತಿದ್ದವು, ಇವಳವು ಎಡಕ್ಕೆ. ಜನ ಬಂದು ಬಂದು ಕರೆದರು, ಅರಿಶಿನದ ಶಾಸ್ತ್ರಕ್ಕೆ ಹೊತ್ತಾಯಿತೆಂದರು. ಅವಳು ಏಳಲಿಲ್ಲ. ಹೊತ್ತು ಇಳಿಯುವ ಹೊತ್ತಿಗೆ ಕಮಲ ಮತ್ತೆ ನಿಂತಿತು.

"ಅವ್ವಗ ಇದನ್ನ ಹೇಳಬ್ಯಾಡ," ಎಂದಳು. "ಆಕಿ ಮಾಡಿದ್ದು ಹಂಗೇ ಬಂತು ಅಂತ ತಿಳ್ಕೊಳ್ಳಲಿ."

ಮದುವೆ ಮುಗಿಸಿಕೊಂಡು ಮಾರನೆಯ ದಿನ ಊರಿಗೆ ಬಂದೆ. ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. ಫೋನಿನಲ್ಲಿ ಫೋಟೋ ತೋರಿಸಿದೆ. ಮೊಮ್ಮಗಳ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. "ಮೂಗು ನಮ್ಮದೇ," ಎಂದು ನಕ್ಕಳು. ಆಮೇಲೆ ಫೋನನ್ನು ಕಣ್ಣಿನ ಹತ್ತಿರ ತಂದಳು. ದೊಡ್ಡದು ಮಾಡಿ ತೋರಿಸು ಎಂದಳು. ಬಹಳ ಹೊತ್ತು ನೋಡಿದಳು.

"ಒಡೆದಿತ್ತಾ?"

"ಇಲ್ಲ ಚಿಕ್ಕಮ್ಮ. ಬುಟ್ಟೀಲೇ ಒಯ್ದಿದ್ನಲ್ಲ," ಎಂದೆ.

ಅವಳು ನನ್ನನ್ನು ಬೈಯಲಿಲ್ಲ. ಕಮಲದ ಮೇಲೆ ಬೆರಳಿಟ್ಟಳು. "ಇವು ಎಡಗೈ ಎಸಳು," ಎಂದಳು. "ಎಷ್ಟು ಹೊಡೀತಿದ್ದೆ ಅದಕ್ಕೆ... ಎಷ್ಟು ಚಂದ ಬಂದಿದೆ ನೋಡು." ಸೆರಗಿನಿಂದ ಫೋನಿನ ಗಾಜು ಒರೆಸಿದಳು. "ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗಣ ಕಣೆ. ನಾನೇ ಹೋಗ್ತೀನಿ. ಅವಳು ಬರ್ಲಿ ಅಂತ ಕೂತಿದ್ದು ಸಾಕು."

ನನಗೆ ಓಡಾಡಿ ಮೈಯೆಲ್ಲ ನೋವು. ಮೂರು ಕೊರಿಯರು ಬಾಕಿ ಇದ್ದವು. ಒಳಗೊಳಗೇ ಇನ್ನೊಂದು ಅಳುಕೂ ಇತ್ತು: ಅವರಿಬ್ಬರೂ ಎದುರಾದರೆ ನನ್ನ ಸುಳ್ಳು ಬಯಲಾಗುತ್ತದೆ. "ಮದುವೆ ಮನೆ, ನೆಂಟರೆಲ್ಲ ಇನ್ನೂ ಇದಾರೆ," ಎಂದೆ. "ಎಂಟು ದಿನ ಬಿಟ್ಟು ಹೋಗಣ."

"ಹಂಗಂತೀಯ? ಸರಿ," ಎಂದಳು.

ಆರನೆಯ ದಿನ ಬೆಳಿಗ್ಗೆ ಹಿತ್ತಿಲಲ್ಲಿ ಹೂ ಕೊಯ್ಯುತ್ತಿದ್ದವಳು ಕುಸಿದಳು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿ ಅಕ್ಕನಿಗೆ ಫೋನು ಮಾಡಿದೆ. ಮಧ್ಯಾಹ್ನದೊಳಗೆ ಬಂದಳು. ತಾಯಿಯ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, "ಅವ್ವಾ, ನಾನು," ಎಂದಳು. ಚಿಕ್ಕಮ್ಮ ಕಣ್ಣು ತೆರೆದಿದ್ದಳು. ಗುರುತು ಸಿಕ್ಕಿತೋ ಇಲ್ಲವೋ ನಮಗಿಬ್ಬರಿಗೂ ತಿಳಿಯಲಿಲ್ಲ. ಮೂರನೆಯ ದಿನ ಚಿಕ್ಕಮ್ಮ ತೀರಿಕೊಂಡಳು.

ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅಟ್ಟಕ್ಕೆ ಹಾಕಿದ ಬುಟ್ಟಿ, ನಾನು ಹೇಳಿದ ಸುಳ್ಳು, ಬೇಡವೆಂದು ಮುಂದೆ ಹಾಕಿದ ಎಂಟು ದಿನ. ಅವಳು ಗೋಡೆಗೊರಗಿ ಕೇಳಿದಳು.

"ಎಡಗೈ ಎಸಳು ಅಂದ್ಲಾ?"

"ಹೌದು. ಚಂದ ಬಂದಿದೆ ಅಂದ್ಲು."

ಆಗ ಅಕ್ಕ ಅತ್ತಳು. ಅಷ್ಟು ದಿನ ಅಳದೆ ಇದ್ದವಳು ಅವತ್ತು ಮುಖ ಮುಚ್ಚಿಕೊಂಡು ಅತ್ತಳು.

ಒಡೆದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ತಾಯಿಗೆ ಮಗಳ ಕೈ ಕಾಣುತ್ತಿರಲಿಲ್ಲ ಎಂದು ಕೆಲವರು ನನಗೆ ಸಮಾಧಾನ ಹೇಳಿದ್ದಾರೆ. ಆ ಸಮಾಧಾನ ನನಗೆ ಆಗುವುದಿಲ್ಲ. ಆ ಕಮಲಕ್ಕೆ ಚಿಕ್ಕಮ್ಮ ನಡುಗುವ ಕೈಯಲ್ಲಿ ಎಷ್ಟು ಎಸಳು ಬಿಸಾಡಿ ಎಷ್ಟು ಉಳಿಸಿಕೊಂಡಳೆಂದು ಕಂಡವಳು ನಾನೊಬ್ಬಳೇ. ಅಕ್ಕ ಒಂದು ದಿನವೂ ನನ್ನನ್ನು ದೂರಲಿಲ್ಲ. ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಮಳೆ ಬಂತಾ, ಕುರಿ ಮರಿ ಹಾಕಿತಾ, ಮಗಳು ಹೇಗಿದ್ದಾಳೆ ಎಂದು ಮಾತಾಡುತ್ತೇವೆ. ಚಿಕ್ಕಮ್ಮನ ಮಾತು ಬಂದರೆ ನಾನು ಮತ್ತೆ ಮಳೆಯ ಮಾತಿಗೇ ತಿರುಗುತ್ತೇನೆ. ಆಮೇಲೆ ಅವಳೇ, "ಫೋನ್ ಇಡ್ಲೇನು?" ಎನ್ನುತ್ತಾಳೆ.