ರಾಕೆಟ್ಟಿಗೊಂದು ಸೇರಿನ ಲೆಕ್ಕ

ನನ್ನ ಮೊಮ್ಮಗಳು ರಾಕೆಟ್ ಹಾರಿಸಿದಳು. ಹೀಗೆ ಶುರುಮಾಡಿದರೆ ಓದಿದವರು ನಗಬಹುದು. ಆದರೆ ಈ ಮಾತನ್ನು ಮೊದಲು ಬರೆದುಬಿಡದಿದ್ದರೆ ಮುಂದಿನದು ಯಾವುದೂ ನನ್ನ ಕೈಯಿಂದ ಹೊರಡುವುದಿಲ್ಲ. ಮೊನ್ನೆ ಅವಳು ಎಂಟನೆಯ ಕ್ಲಾಸು ಪಾಸಾದಳು. ನೋಟುಪುಸ್ತಕದಲ್ಲಿ ಉಳಿದಿದ್ದ ಖಾಲಿ ಹಾಳೆಗಳನ್ನು ನನ್ನ ಮುಂದಿಟ್ಟು, ಬರಿ ಅಜ್ಜ ಅಂದಳು. ಅದಕ್ಕೇ ಕೂತಿದ್ದೇನೆ.

ನಾನು ಮೂರನೆಯ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವನು. ಆಮೇಲೆ ಬಹಳ ವರ್ಷ ಶಿವಮೊಗ್ಗದ ಗಾಂಧಿ ಬಜಾರಿನ ಅಕ್ಕಿ ಮಂಡಿಯೊಂದರಲ್ಲಿ ಸೇರು ಹಿಡಿದು ಅಳೆದೆ. ಅಳೆಯುವವನ ಎಣಿಕೆ ಶಾಲೆಯ ಎಣಿಕೆಯಲ್ಲ. ಮೊದಲ ಸೇರಿಗೆ ನಾವು 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತೇವೆ. ಲಾಭ, ಎರಡು, ಮೂರು. ಸುರಿದ ಸೇರಿನ ಅಂಕಿಯನ್ನು ಮುಂದಿನ ಸೇರು ತುಂಬುವವರೆಗೂ ರಾಗವಾಗಿ ಎಳೆಯುತ್ತಲೇ ಇರಬೇಕು. ನಡುವೆ ಯಾರಾದರೂ ಮಾತಾಡಿಸಿದರೂ ಆಗ ಲೆಕ್ಕ ತಪ್ಪುವುದಿಲ್ಲ. ಎದುರು ಮಂಡಿಯಲ್ಲಿ ಅಳೆಯುತ್ತಿದ್ದ ಸಾಬರು ಮೊದಲ ಸೇರಿಗೆ 'ಬರ್ಕತ್' ಎನ್ನುತ್ತಿದ್ದರು, ಹೆಚ್ಚಲಿ ಎಂದು. ಅವರ ಬರ್ಕತ್ತು, ನನ್ನ ಲಾಭ, ಎರಡೂ ದಿನವಿಡೀ ಬೀದಿಯ ಮೇಲೆ ಒಂದನ್ನೊಂದು ಹಾಯುತ್ತಿದ್ದವು. ಅವರು ನನಗಿಂತ ಚೆನ್ನಾಗಿ ಹಾಡುತ್ತಿದ್ದರು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ, ಅವರೆದುರು ಒಪ್ಪಿಕೊಂಡಿಲ್ಲ.

ಆಮೇಲೆ ಕಿಲೋ ಬಂತು. ಸೇರಿನ ಅಳತೆ ನಿಂತಿತು. ಸಾಬರು ತಕ್ಕಡಿ ಕಲಿತರು. ನನಗೆ ಹೊಸದನ್ನು ಕಲಿಯುವ ವಯಸ್ಸು ದಾಟಿತ್ತು. ಹಳೆಯ ಸೇರನ್ನು ಸಾಹುಕಾರರು ನನಗೇ ಕೊಟ್ಟರು. ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಭದ್ರಾವತಿಗೆ, ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಮಗನ ಕ್ವಾರ್ಟರ್ಸಿಗೆ ಬಂದೆ. ಅಲ್ಲಿ ನನ್ನ ಮೊಮ್ಮಗಳಿದ್ದಳು. ಆಗ ಅವಳಿಗೆ ಎಂಟು ವರ್ಷ.

ಅವಳಿಗೆ ಉಗ್ಗು ಇತ್ತು. ಒಂದು ಮಾತು ಹೊರಗೆ ಬರಲು ಕುತ್ತಿಗೆಯ ನರ ಉಬ್ಬಿ, ಕಣ್ಣು ಮುಚ್ಚಿ, ಕಾಲಿನ ಹೆಬ್ಬೆರಳು ನೆಲ ಒತ್ತುತ್ತಿತ್ತು. ಸೊಸೆ ನಾಲಿಗೆಗೆ ಬಜೆ ತೇಯ್ದು ಹಚ್ಚಿ ಹಚ್ಚಿ ಸಾಕಾಗಿದ್ದಳು. ಶಾಲೆಯ ಹುಡುಗರು 'ಟೈಪ್ ಮಿಷನ್' ಎಂದು ಹೆಸರಿಟ್ಟಿದ್ದರು. ನಾವು ಮನೆಯವರು ಮಾಡುತ್ತಿದ್ದುದು ಇನ್ನೊಂದು ತಪ್ಪು. ಅವಳು 'ನೀ' ಎನ್ನುವಷ್ಟರಲ್ಲಿ ನಾನು ನೀರು ತರುತ್ತಿದ್ದೆ. 'ಹ' ಎಂದರೆ ಸೊಸೆ ಹಸಿವಾಯ್ತಾ ಎಂದು ತಟ್ಟೆ ಇಡುತ್ತಿದ್ದಳು. ಪ್ರೀತಿಯಿಂದಲೇ ಅವಳ ಮಾತುಗಳನ್ನೆಲ್ಲ ನಾವೇ ಆಡಿ ಮುಗಿಸುತ್ತಿದ್ದೆವು. ಹೀಗಾಗಿ ಅವಳು ಮಾತಾಡುವುದನ್ನೇ ಕಡಿಮೆ ಮಾಡಿದ್ದಳು.

ಆ ವರ್ಷವೇ ಕೇರಳದ ಸಮುದ್ರದಂಡೆಯಿಂದ ನಮ್ಮ ದೇಶದವರು ಆಕಾಶಕ್ಕೆ ರಾಕೆಟ್ ಬಿಟ್ಟದ್ದು. ಮೀನುಗಾರರ ಹಳ್ಳಿಯಂತೆ, ತೆಂಗಿನ ಮರಗಳ ನಡುವಿನಿಂದ ಮೇಲೆ ಹೋಯಿತಂತೆ, ಹೋದ ದಾರಿಯಲ್ಲಿ ಸಂಜೆಯ ಆಕಾಶಕ್ಕೆ ಕಿತ್ತಳೆ ಬಣ್ಣದ ಹೊಗೆ ಬಿಟ್ಟಿತಂತೆ. ಹೋಟೆಲಿನಲ್ಲಿ ಒಬ್ಬರು ಪೇಪರು ಓದಿದರು, ನಾವು ಇಪ್ಪತ್ತು ಜನ ಕೇಳಿದೆವು. ಕೇಳಿ ಮುಗಿಯುವ ಮೊದಲೇ ಅರ್ಧ ಜನ ತಾವು ಆ ಕಿತ್ತಳೆ ಬಣ್ಣವನ್ನು ಕಣ್ಣಾರೆ ನೋಡಿದ್ದಾಗಿ ಆಣೆಯಿಟ್ಟು ಹೇಳತೊಡಗಿದರು. ನಮ್ಮ ಭದ್ರಾವತಿಯಲ್ಲಿ ಸಂಜೆಯ ಆಕಾಶ ಕೆಂಪಾಗದ ದಿನವೇ ಇರಲಿಲ್ಲ. ಕುಲುಮೆಯಲ್ಲಿ ಕಬ್ಬಿಣ ಕರಗಿಸಿ ಉಳಿದ ಕಿಟ್ಟವನ್ನು ಕಾದಿದ್ದಂತೆಯೇ ಹೊರಗೆ ಸುರಿದರೆ ಇಡೀ ಊರಿನ ಮುಖ ಬೆಳಗುತ್ತಿತ್ತು. ಅದು ಕಿಟ್ಟ ಮಾರಾಯ, ದಿನಾ ನೋಡೋದೇ ಎಂದು ನನ್ನ ಮಗ ಹೇಳಿದ. ಯಾರೂ ಒಪ್ಪಲಿಲ್ಲ. ಆ ದಿನದ ಕೆಂಪೇ ಬೇರೆ ಎಂದರು. ಎರಕದ ಮನೆಯಲ್ಲಿ ಕೆಲಸ ಮಾಡುವವನೊಬ್ಬ ರಾಕೆಟ್ಟಿನ ಕಬ್ಬಿಣ ನಮ್ಮ ಕಾರ್ಖಾನೆಯದೇ ಎಂದುಬಿಟ್ಟ. ಅವನಿಗೆ ಆ ದಿನ ಯಾರೋ ಎರಡನೇ ಕಾಫಿ ಕೊಡಿಸಿದರು. ನಮ್ಮ ಪಕ್ಕದ ಮನೆಯ ತಮಿಳಿನ ಅಮ್ಮ ಮಾತ್ರ, ಸೀಮೆಎಣ್ಣೆಗೆ ಸಾಲಲ್ಲಿ ನಿಲ್ಲೋದನ್ನ ಮೊದಲು ತಪ್ಪಿಸಲಿ, ಆಮೇಲೆ ಆಕಾಶ ಚುಚ್ಚಲಿ ಎಂದರು. ಆದರೂ ಪೇಪರಿನ ಆ ತುಂಡನ್ನು ಕತ್ತರಿಸಿ ದೇವರ ಪಟದ ಪಕ್ಕ ಅಂಟಿಸಿದವರೂ ಅವರೇ.

ಶಾಲೆಯಲ್ಲಿ ಸ್ಕೂಲ್ ಡೇಗೆ ಇದನ್ನೇ ನಾಟಕವಾಗಿ ಮಾಡುವುದು ಎಂದಾಯಿತು. ಬಿದಿರಿನ ದಬ್ಬೆಗೆ ಬೇಗಡೆ ಕಾಗದ ಸುತ್ತಿ ಆಳೆತ್ತರದ ರಾಕೆಟ್ ಕಟ್ಟಿದರು. ಹಂದರದ ತೊಲೆಗೆ ಬಾವಿಯ ರಾಟೆ ಬಿಗಿದು, ಶಾಲೆಯ ಜವಾನ ಹಗ್ಗ ಎಳೆದರೆ ಅದು ಮೇಲೇರುವ ಏರ್ಪಾಡು. ಒಂದು ಮಗು ಮುಂದೆ ನಿಂತು ಹತ್ತರಿಂದ ಹಿಂದಕ್ಕೆ ಎಣಿಸಬೇಕು. ಸೊನ್ನೆ ಎಂದ ಕೂಡಲೇ ಹಗ್ಗ ಎಳೆಯಬೇಕು. ನನ್ನ ಮೊಮ್ಮಗಳಿಗೆ ಕೊಟ್ಟಿದ್ದು ತೆಂಗಿನ ಮರದ ಪಾತ್ರ. ಸೋಗೆ ಹಿಡಿದು ಸುಮ್ಮನೆ ನಿಂತರಾಯಿತು.

ಆ ದಿನ ಶಾಲೆಯಿಂದ ಬಂದವಳು ನನ್ನ ಪಕ್ಕ ಕೂತಳು. ನರ ಉಬ್ಬಿತು, ಕಣ್ಣು ಮುಚ್ಚಿತು. ನಾನು ಎಂದಿನಂತೆ ನೀರಾ, ತಿಂಡಿಯಾ ಎಂದು ಕೇಳಿದೆ. ತಲೆಯಾಡಿಸಿ ಮತ್ತೆ ಶುರುಮಾಡಿದಳು. ಕೊನೆಗೆ ಬಂದ ಮಾತು ಇದು: "ನಾ, ನಾನು ಎಣಿಸ್ಬೇಕು ಅಜ್ಜ."

ಮಾರನೆಯ ದಿನ ನಾನು ಶಾಲೆಗೆ ಹೋದೆ. ಟೀಚರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಬೆಂಚು ಕೊಟ್ಟು ಕೂರಿಸಿದರು.

"ತೆಂಗಿನ ಮರಾನೂ ಬೇಕಲ್ಲ ಅಜ್ಜ," ಎಂದರು.

"ಬೇಕು ತಾಯಿ. ಆದ್ರೆ ಅದಕ್ಕೆ ಬಾಯಿಲ್ಲ."

ಅವರು ಬೆಂಚಿನ ಇನ್ನೊಂದು ತುದಿಗೆ ಕೂತರು. "ಊರಿನವರೆಲ್ಲ ಇರ್ತಾರೆ. ಒಂದ್ಸಲ ಎಲ್ಲರೂ ನಕ್ಕುಬಿಟ್ರೆ ಆ ಮಗು ಮತ್ತೆ ಬಾಯಿ ತೆಗೆಯಲ್ಲ. ಆಮೇಲೆ ನಾನೇನು ಮಾಡ್ಲಿ, ನೀವೇನು ಮಾಡ್ತೀರಿ?"

ಏಳುವಾಗ ಸುಮ್ಮನೆ ಮಾತಿಗೆ, ರಾಕೆಟ್ಟಿನ ಕಬ್ಬಿಣ ನಮ್ಮ ಊರಿನದಂತೆ ಹೌದಾ ಎಂದು ಕೇಳಿದೆ. ಟೀಚರು ನಕ್ಕರು. ಆ ರಾಕೆಟ್ಟೇ ಹೊರದೇಶದಿಂದ ತಂದದ್ದು, ಜೋಡಿಸಿ ಹಾರಿಸಿದವರು ನಮ್ಮವರು ಎಂದರು. ನನಗೇನೂ ಬೇಸರವಾಗಲಿಲ್ಲ. ನನ್ನ ಸೇರು ಕೂಡ ಸಾಹುಕಾರರದೇ ಆಗಿತ್ತು. ಅಳೆದ ಕೈ ನನ್ನದು.

ಹಾಗೆ ಅಂದುಕೊಳ್ಳುವಾಗಲೇ ಸೇರಿನ ನೆನಪಾದದ್ದು. ಮನೆಗೆ ಬಂದವನೇ ತಿಂಗಳ ಅಕ್ಕಿಯ ಚೀಲ ಬಿಚ್ಚಿದೆ. ಸೊಸೆ ಗಾಬರಿಯಾಗಿ ಏನು ಮಾವ ಎಂದಳು. ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಬುಟ್ಟಿಗೆ ಅಳೆಯತೊಡಗಿದೆ. ಲಾಭಾ ಲಾಭ ಲಾಭ, ಎರಡೂ ಎರಡು ಎರಡು. ಗಾಂಧಿ ಬಜಾರಿನ ಅದೇ ರಾಗ. ನಾಲ್ಕನೆಯ ಸೇರಿಗೆ ಅವಳ ತುಟಿ ಆಡಿತು. ಆರನೆಯದಕ್ಕೆ ದನಿ ಬಂತು. ಹತ್ತಕ್ಕೆ ಬರುವಾಗ ನಾನು ಸುಮ್ಮನಾಗಿದ್ದೆ, ಅವಳೊಬ್ಬಳೇ ಎಳೆಯುತ್ತಿದ್ದಳು. ಒಂದು ಕಡೆಯೂ ತಡೆಯಲಿಲ್ಲ. ಸೊಸೆ ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಒಲೆಯ ಮೇಲಿನ ಬೇಳೆ ತಳ ಹಿಡಿಯಿತು.

ಇನ್ನು ಹಿಂದಕ್ಕೆ ಎಣಿಸುವುದು. ಜೀವಮಾನದಲ್ಲಿ ನಾನು ಹಿಂದಕ್ಕೆ ಎಣಿಸಿದವನಲ್ಲ. ಯೋಚಿಸಿ, ಬುಟ್ಟಿಯಿಂದ ಒಂದೊಂದೇ ಸೇರು ತೆಗೆದು ಚೀಲಕ್ಕೆ ವಾಪಸು ಸುರಿದು, ಬುಟ್ಟಿಯಲ್ಲಿ ಎಷ್ಟು ಉಳಿಯಿತೋ ಅದನ್ನು ಹಾಡುವುದು ಎಂದು ಹೇಳಿಕೊಟ್ಟೆ. ಹತ್ತು, ಒಂಬತ್ತು, ಎಂಟು. ಕೊನೆಯ ಸೇರು ಬುಟ್ಟಿಯ ತಳದಲ್ಲಿ ಉಳಿದಾಗ ಅವಳೇ 'ಲಾಭ' ಎಂದಳು. ನಾನು ಅಲ್ಲಿಗೇ ನಿಲ್ಲಿಸಿದೆ. ಅಳೆಯುವವನು ಬುಟ್ಟಿಯನ್ನು ಬರಿದು ಮಾಡಿ ಏಳುವುದಿಲ್ಲ. ಬಳೆ ಒಡೆದರೂ ಹೆಚ್ಚಿತು ಎನ್ನುವ ಜನ ನಾವು, ಸೊನ್ನೆ ಎಂದು ಹೇಗೆ ಹೇಳಿಸಲಿ?

ಟೀಚರನ್ನು ಒಂದು ಸಂಜೆ ಮನೆಗೆ ಕರೆದೆ. ಮೊಮ್ಮಗಳಿಗೆ ಕಾಣದಂತೆ ಜಗುಲಿಯಲ್ಲಿ ನಿಂತು ಕೇಳಿದರು. ಒಳಗೆ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು. ಎಣಿಸೋದು ಇವಳೇ ಎಂದರು. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, ಕೊನೆಗೆ ಲಾಭ ಅನ್ನೋದು ಬೇಡ ಅಜ್ಜ, ಒಂದು, ಸೊನ್ನೆ ಅಂತ ಕಲಿಸಿ ಎಂದರು. ಅವರು ಹೇಳಿದ್ದು ಸರಿಯೇ. ರಾಕೆಟ್ಟು ಅಕ್ಕಿಯಲ್ಲವಲ್ಲ.

ಅಲ್ಲಿಂದ ನನ್ನ ಸಂಕಟ ಶುರುವಾಯಿತು. ಹತ್ತರಿಂದ ಎರಡರವರೆಗೆ ಹೊಳೆ ಹರಿದಂತೆ ಬರುವವಳು 'ಒಂದು' ಎನ್ನಲು ಹೋದರೆ ಸಿಕ್ಕಿಕೊಳ್ಳುತ್ತಿದ್ದಳು. ಒ, ಒ, ಒ, ಮತ್ತೆ ನರ, ಮತ್ತೆ ಹೆಬ್ಬೆರಳು. ಒಂದು ವಾರ ಕೂತೆವು. ನನ್ನ ಕಸುಬಿನ ಶಾಸ್ತ್ರವೇ ಮಗುವಿನ ಕಾಲಿಗೆ ಹಗ್ಗವಾಯಿತಲ್ಲ ಎಂದು ಊಟ ಸೇರಲಿಲ್ಲ. ತೆಂಗಿನ ಮರವಾಗಿ ನಿಂತಿದ್ದರೆ ಯಾರೂ ನಗುತ್ತಿರಲಿಲ್ಲ. ಬೇಡ ಅಂದುಬಿಡೋಣವಾ ಎಂದು ಕೇಳಿದರೆ ಅವಳು ಸೇರನ್ನು ಎತ್ತಿ ನನ್ನ ಕೈಗೆ ಕೊಡುತ್ತಿದ್ದಳು, ಇನ್ನೊಂದು ಸಲ ಎಂದು.

ಸ್ಕೂಲ್ ಡೇ ದಿನ ಶಿವಮೊಗ್ಗದಿಂದ ಮಧ್ಯಾಹ್ನದ ರೈಲಿಗೆ ಸಾಬರೂ ಬಂದರು. ನಾನೇ ಹೇಳಿಕಳಿಸಿದ್ದೆ. ಅವರು ಹಿಂದೆ ನಿಂತರು, ನಾನು ಮುಂದಿನ ಸಾಲಿನ ಅಂಚಿನಲ್ಲಿ ಕೂತೆ. ಕ್ವಾರ್ಟರ್ಸಿನ ಜನವೆಲ್ಲ ಸೇರಿತ್ತು. ಕಬ್ಬಿಣ ನಮ್ಮದೇ ಎಂದವನು ಹೊಸ ಅಂಗಿ ಹಾಕಿದ್ದ. ಮಕ್ಕಳು ತೆಂಗಿನ ಮರಗಳಾದರು, ಮೀನುಗಾರರಾದರು. ನನ್ನ ಮೊಮ್ಮಗಳು ಬಂದು ರಾಕೆಟ್ಟಿನ ಮುಂದೆ ನಿಂತಳು.

ಹುಡುಗರ ಸಾಲಿನಿಂದ ಟೈಪ್ ಮಿಷನ್ ಎಂದು ಯಾರೋ ಪಿಸುಗುಟ್ಟಿದ್ದು ನನಗೂ ಕೇಳಿಸಿತು, ಅವಳಿಗೂ ಕೇಳಿಸಿರಬೇಕು. ಅವಳು ನನ್ನನ್ನು ಹುಡುಕಿದಳು. ನಾನು ಎರಡೂ ಕೈ ಎತ್ತಿ ಇಲ್ಲದ ಸೇರನ್ನು ಹಿಡಿದೆ. ಬುಟ್ಟಿಯಿಂದ ತುಂಬಿ, ಚೀಲಕ್ಕೆ ಸುರಿದೆ. ಹತ್ತೂ ಹತ್ತು ಹತ್ತು, ಒಂಬತ್ತೂ ಒಂಬತ್ತು. ಅವಳ ದನಿ ಹಂದರದ ಆ ತುದಿಗೆ ಮುಟ್ಟಿತು. ಐದರ ಹೊತ್ತಿಗೆ ಮಕ್ಕಳೂ ಸುಮ್ಮನಾಗಿದ್ದರು. ಮೂರು. ಎರಡು. ನನ್ನ ಕೈ ಗಾಳಿಯಲ್ಲೇ ನಿಂತಿತು. ಅವಳ ಬಾಯಿ ಒಂದಕ್ಕೆ ದುಂಡಗಾಯಿತು, ಮಾತು ಬರಲಿಲ್ಲ. ಬಾಯಿ ಮುಚ್ಚಿದಳು. ಉಸಿರು ತೆಗೆದುಕೊಂಡಳು.

"ಲಾಭ," ಎಂದಳು.

ಜವಾನನಿಗೆ ಸೊನ್ನೆ ಎಂದಾಗ ಎಳೆ ಎಂದು ಹೇಳಿಕೊಟ್ಟಿದ್ದರು. ಅವನು ಹಗ್ಗ ಹಿಡಿದು ಕಾಯುತ್ತಲೇ ಇದ್ದ. ರಾಕೆಟ್ಟು ನಿಂತಲ್ಲೇ ನಿಂತಿತ್ತು. ಟೀಚರು ಅತ್ತ ಓಡುವಷ್ಟರಲ್ಲಿ ನನ್ನ ಮೊಮ್ಮಗಳೇ ಜವಾನನ ಕಡೆ ತಿರುಗಿದಳು. ರಾಗವಿಲ್ಲದೆ, ನನ್ನ ಕೈಯ ಕಡೆ ನೋಡದೆ, ತನ್ನದೇ ಮಾತಿನಲ್ಲಿ ಶುರುಮಾಡಿದಳು.

"ಲಾ, ಲಾಭ ಆಯ್ತಲ್ಲ ಮಾಮ. ಎ, ಎ, ಎ," ಎಂದಳು. ನರ ಉಬ್ಬಿತು, ಕಣ್ಣು ಮುಚ್ಚಿತು. ನನ್ನ ನಾಲಿಗೆಯ ತುದಿಗೆ ಆ ಮಾತು ಬಂದಿತ್ತು, ಹಲ್ಲು ಕಚ್ಚಿ ಕೂತೆ. ಅಷ್ಟು ಜನರೂ ಕಾದರು. "ಎಳೀರಿ."

ಜವಾನ ಬೆಚ್ಚಿ ಎಳೆದ ಎಳೆತಕ್ಕೆ ರಾಕೆಟ್ಟು ರಾಟೆಗೆ ಬಡಿದು ಬೇಗಡೆಯೆಲ್ಲ ಉದುರಿತು. ಹಿಂದಿನಿಂದ ಸಾಬರು ತಮ್ಮ ಮಂಡಿಯ ಕಂಠದಲ್ಲಿ "ಬರ್ಕತ್" ಎಂದು ಕೂಗಿದರು. ಜನ ನಕ್ಕರು. ಅವರು ನಕ್ಕದ್ದು ಜವಾನನಿಗೆ. ತಲೆಯ ಮೇಲೆ ಬೇಗಡೆ ಹೊತ್ತುಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಮೊಮ್ಮಗಳು.

ಟೀಚರು ನನ್ನ ಹತ್ತಿರ ಬಂದರು. ತಪ್ಪಾಯ್ತು ತಾಯಿ, ಸೊನ್ನೆ ಹೇಳಿಸೋಕೆ ಆಗಲಿಲ್ಲ ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

ಆ ಸಂಜೆ ಸಾಬರೂ ನಮ್ಮ ಮನೆಗೇ ಊಟಕ್ಕೆ ಬಂದರು. ಅವಳು ನಡೆದದ್ದನ್ನೆಲ್ಲ ಹೇಳತೊಡಗಿದಳು. ನಾವೆಲ್ಲ ಅಲ್ಲೇ ಇದ್ದು ನೋಡಿದವರೇ. ಆದರೂ ತನ್ನ ಅಪ್ಪನಿಗೆ ಮೊದಲಿನಿಂದ ಹೇಳಿದಳು, ತಡವರಿಸಿ, ನಿಂತು, ಮತ್ತೆ ಹಿಡಿದು. ಉಗ್ಗು ಎಲ್ಲಿಗೂ ಹೋಗಿರಲಿಲ್ಲ, ಇಂದಿಗೂ ಪೂರ್ತಿ ಹೋಗಿಲ್ಲ. ಅವಳು ಮಾತ್ರ ನಿಲ್ಲಿಸಲಿಲ್ಲ. ಅನ್ನ ಆರಿತು. ಸೊಸೆ ತಟ್ಟೆ ಇಡಲು ಎದ್ದವಳು ಕೂತಳು. ಒಂದು ಮಾತಿನ ಬಾಲವನ್ನೂ ನಾವ್ಯಾರೂ ಮುಗಿಸಿಕೊಡಲಿಲ್ಲ.

ಹೊರಗೆ ಕಿಟ್ಟ ಸುರಿದರು, ಕಿಟಕಿ ಕೆಂಪಾಯಿತು. ಸಾಬರೇ, ನಿಮ್ಮ ರೈಲು ಹೊರಡೋ ಹೊತ್ತಾಯ್ತು ಎಂದು ಮೆಲ್ಲಗೆ ನೆನಪಿಸಿದೆ.

"ಹೋಗ್ಲಿ ಬಿಡಿ ಅಣ್ಣ," ಎಂದರು ಅವರು, ನನ್ನ ಕಡೆ ತಿರುಗದೆ. "ಮಗು ಹೇಳ್ತಾ ಐತಲ್ಲ."